ಅಜ್ಜನ ಹೆಸರು

ನಾಲ್ಕು ದೊಡ್ಡದೋ ಎಂಟು ದೊಡ್ಡದೋ ಎಂದು ಕೇಳಿದರೆ ಒಂದನೆಯ ತರಗತಿಯ ಹುಡುಗನೂ ನಕ್ಕಾನು. ಆದರೆ ನಾಲ್ಕೋ ಎಂಟೋ ಎಂಬ ಪ್ರಶ್ನೆಗಾಗಿ ಎಪ್ಪತ್ತೆಂಟು ವರ್ಷದ ಅಜ್ಜನೂ ಹತ್ತೊಂಬತ್ತು ವರ್ಷದ ಮೊಮ್ಮಗನೂ ಊಟದ ಮೇಜಿನ ಎದುರಲ್ಲೇ ಮಾತು ಬಿಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಜಗಳ ಆಸ್ತಿಯದಲ್ಲ, ಹಣದ್ದಲ್ಲ. ಒಂದು ಫುಟ್‌ಬಾಲು ಕ್ಲಬ್ಬಿನದು.

ಸ್ಥಳ, ಸ್ಲೊವೀನಿಯಾ ದೇಶದ ರಾಜಧಾನಿ ಲ್ಯೂಬ್ಲಿಯಾನಾ. ನನ್ನ ಮಗಳಿಗೆ ಅಲ್ಲಿ ಕೆಲಸ. 2025ರ ವಸಂತದಲ್ಲಿ ಒಂದೂವರೆ ತಿಂಗಳು ಅವಳ ಜೊತೆಯಲ್ಲಿದ್ದು ಬಂದೆ. ದೇಶ ಚಿಕ್ಕದು, ಜನಸಂಖ್ಯೆ ಸುಮಾರು 21 ಲಕ್ಷ. ಮನೆಯ ಯಜಮಾನರು ನಿವೃತ್ತ ಶಾಲಾ ಉಪಾಧ್ಯಾಯರು. ಕೆಳಗಿನ ಅಂತಸ್ತಿನಲ್ಲಿ ಅವರು, ಮೇಲೆ ನಾವು. ಅವರ ಇಂಗ್ಲಿಷು ಬಹಳ ನಿಧಾನ. ನನ್ನದು ಅದಕ್ಕಿಂತಲೂ ನಿಧಾನ. ಆದ್ದರಿಂದ ನಮ್ಮಿಬ್ಬರ ಸ್ನೇಹ ಚೆನ್ನಾಗಿ ಬೆಳೆಯಿತು.

ಒಂದು ಸಂಜೆ ಊಟಕ್ಕೆ ಕರೆದಿದ್ದರು. ಮೊಮ್ಮಗ ಹಸಿರು ಅಂಗಿ ತೊಟ್ಟು ಬಂದು ಕುಳಿತ. ಊರಿನ ಲಾಂಛನ ಒಂದು ಹಸಿರು ಘಟಸರ್ಪ. ಸೇತುವೆಯ ನಾಲ್ಕು ಮೂಲೆಗಳಲ್ಲೂ ಅದೇ ಪ್ರಾಣಿ ರೆಕ್ಕೆ ಬಿಚ್ಚಿ ಕುಳಿತಿದೆ. ಊರಿನ ಕ್ಲಬ್ಬು ಒಲಿಂಪಿಯಾ. ಅದರ ಬಣ್ಣವೂ ಹಸಿರು. ಮಾತಿಗೆ ಏನಾದರೂ ಬೇಕಲ್ಲ ಎಂದು ನಾನು ಕೇಳಿದೆ: “ನಿಮ್ಮ ಕ್ಲಬ್ಬು ಎಷ್ಟು ಸಲ ದೇಶದ ಚಾಂಪಿಯನ್ ಆಗಿದೆ?”

“ಏಳು. ಈ ತಿಂಗಳು ಎಂಟಾಗುತ್ತದೆ” ಎಂದ ಹುಡುಗ.

“ನಾಲ್ಕು” ಎಂದರು ಅಜ್ಜ. “ಐದನೆಯದು ಇನ್ನು ಆಗುವುದಿಲ್ಲ. ಆ ಕ್ಲಬ್ಬು ಸತ್ತುಹೋಯಿತು.”

ಆಮೇಲೆ ತಟ್ಟೆಗಳ ಸದ್ದು ಮಾತ್ರ.

ಮಾರನೆಯ ದಿನ ಯಜಮಾನರು ನನ್ನನ್ನು ಬೆಜಿಗ್ರಾದ್ ಎಂಬ ಬಡಾವಣೆಗೆ ನಡೆಸಿಕೊಂಡು ಹೋದರು. ಅಲ್ಲಿ ಉದ್ದನೆಯ ಗೋಡೆ, ಕಂಬಸಾಲು. ಒಳಗೆ ಒಂದು ಆಟದ ಮೈದಾನ, ಹಾಳು ಬಿದ್ದಿದೆ. ಕಟ್ಟಿದವರು ಯೋಜೆ ಪ್ಲೆಚ್ನಿಕ್. ಲ್ಯೂಬ್ಲಿಯಾನಾಕ್ಕೆ ಇಂದಿನ ಮುಖ ಕೊಟ್ಟ ಮಹಾಶಿಲ್ಪಿ. 1925ರಲ್ಲಿ ಕೆಲಸ ಆರಂಭವಾದದ್ದು ಕ್ಯಾಥೊಲಿಕರ ಒಂದು ಅಂಗಸಾಧನೆಯ ಸಂಘಕ್ಕಾಗಿ. 1935ರಲ್ಲಿ ಅಲ್ಲಿ ದೊಡ್ಡ ಧಾರ್ಮಿಕ ಸಮ್ಮೇಳನ ನಡೆಯಿತು. 1944ರ ಏಪ್ರಿಲ್ 20ರಂದು, ಹಿಟ್ಲರನ ಹುಟ್ಟುಹಬ್ಬದ ದಿನ, ಜರ್ಮನರ ಜೊತೆ ಸೇರಿದ್ದ ಸ್ಥಳೀಯ ಗೃಹರಕ್ಷಕ ಪಡೆ ಇದೇ ಅಂಗಳದಲ್ಲಿ ಪ್ರಮಾಣವಚನ ತೆಗೆದುಕೊಂಡಿತು. ಮರುವರ್ಷ ಯುದ್ಧ ಮುಗಿಯಿತು, ಗೆದ್ದವರು ಪಾರ್ಟಿಸಾನರು. ಅದೇ 1945ರಲ್ಲಿ ಊರಿನಲ್ಲೊಂದು ಹೊಸ ಫುಟ್‌ಬಾಲು ಕ್ಲಬ್ಬು ಹುಟ್ಟಿತು. ಮುಂದೆ ಈ ಮೈದಾನವೇ ಅದರ ಮನೆಯಾಯಿತು.

ಆ ಕ್ಲಬ್ಬಿನ ಹೆಸರುಗಳನ್ನು ಸಾಲಾಗಿ ಓದಿದರೆ ಸಾಕು, ಆ ನಾಡಿನ ಚರಿತ್ರೆಯನ್ನೇ ಓದಿದಂತೆ. ಹುಟ್ಟಿದಾಗಿನ ಹೆಸರು ಎನೋತ್ನೊಸ್ತ್, ಎಂದರೆ ಒಗ್ಗಟ್ಟು. ಅಣ್ಣತಮ್ಮಂದಿರು ಎರಡು ಪಕ್ಷವಾಗಿ ಕಾದಾಡಿದ ಮೇಲೆ ಎಲ್ಲರೂ ಆಡುವ ಮೊದಲ ಮಾತು ಅದೇ ತಾನೆ! ಕೆಲವೇ ವರ್ಷಗಳಲ್ಲಿ ಅದು ಓದ್ರೆದ್ ಆಯಿತು, ಎಂದರೆ ದಳ. ಕಾಡಿನಲ್ಲಿ ಹೋರಾಡಿದ ಪಾರ್ಟಿಸಾನರ ದಳ. ಆಮೇಲೆ ಸ್ವಲ್ಪ ಕಾಲ ತ್ರಿಗ್ಲಾವ್. ಇದು 2864 ಮೀಟರ್ ಎತ್ತರದ, ಆ ದೇಶದ ಅತಿ ಎತ್ತರದ ಶಿಖರದ ಹೆಸರು. ‘ತ್ರಿ’ ಎಂಬುದು ನಮ್ಮ ತ್ರಿಯೇ. ‘ಗ್ಲಾವ್’ ಎಂದರೆ ತಲೆ. ತ್ರಿಶಿರ! ಪರದೇಶದ ಬೀದಿಯಲ್ಲಿ ಬಳಗದವರೊಬ್ಬರು ಸಿಕ್ಕಂತಾಯಿತು ನನಗೆ. ಕೊನೆಗೆ 1962ರಲ್ಲಿ ಒಲಿಂಪಿಯಾ ಎಂಬ ಹೆಸರು ಬಂದು ನಿಂತಿತು. ಯುದ್ಧವೂ ದಳವೂ ಹಿಂದಕ್ಕೆ ಸರಿದು, ಆಟ ಆಟವಾಗಿಯೇ ಇರಲಿ ಎಂದು ಜನಕ್ಕೆ ತೋರಿದ ಕಾಲವಿರಬೇಕು ಅದು.

“1965ರಲ್ಲಿ ನಾವು ಯುಗೋಸ್ಲಾವಿಯಾದ ಮೊದಲ ದರ್ಜೆಗೆ ಏರಿದೆವು. ನನಗೆ ಆಗ ಹದಿನೆಂಟು” ಎಂದರು ಯಜಮಾನರು. ‘ನಾವು’ ಎಂಬ ಮಾತನ್ನು ಗಮನಿಸಿ. ಇವರು ಒಂದು ದಿನವೂ ಆ ಕ್ಲಬ್ಬಿಗೆ ಆಡಿದವರಲ್ಲ.

ಯುಗೋಸ್ಲಾವಿಯಾದ ಲೀಗಿನಲ್ಲಿ ಬೆಲ್‌ಗ್ರೇಡ್, ಜಾಗ್ರೆಬ್, ಸ್ಪ್ಲಿಟ್ ಊರುಗಳ ದೊಡ್ಡ ತಂಡಗಳದ್ದೇ ದರ್ಬಾರು. ಆ ಗುಂಪಿನಲ್ಲಿ ಒಲಿಂಪಿಯಾ ಎಂದೂ ಲೀಗನ್ನು ಗೆಲ್ಲಲಿಲ್ಲ. 1970ರಲ್ಲಿ ಕಪ್ಪಿನ ಅಂತಿಮ ಪಂದ್ಯ ಮುಟ್ಟಿ ಬೆಲ್‌ಗ್ರೇಡಿನ ರೆಡ್ ಸ್ಟಾರ್ ತಂಡಕ್ಕೆ ಸೋತಿತು. ಆ ಸೋಲಿನಿಂದಲೇ ಯೂರೋಪಿನ ಬಾಗಿಲು ತೆರೆದು, ಲಿಸ್ಬನ್ನಿನ ಬೆನ್ಫಿಕಾ ತಂಡ ಎದುರಾಯಿತು. ಲ್ಯೂಬ್ಲಿಯಾನಾದಲ್ಲಿ 1–1. ಲಿಸ್ಬನ್ನಿನಲ್ಲಿ 8–1. “ಆ ಒಂದು ಗೋಲು ನಮ್ಮದು” ಎಂದು ಯಜಮಾನರು ಬೆರಳೆತ್ತಿ ತೋರಿಸಿದರು. ಎಂಟು ತಿಂದ ದುಃಖಕ್ಕಿಂತ ಒಂದು ಹೊಡೆದ ಸಂತೋಷವೇ ಐವತ್ತೈದು ವರ್ಷ ಉಳಿದಿದೆ. ಅಭಿಮಾನಕ್ಕೆ ಲೆಕ್ಕ ಬರುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಆ ತಂಡದಲ್ಲಿ ಬ್ರಾನೆ ಒಬ್ಲಾಕ್ ಎಂಬ ಆಟಗಾರನಿದ್ದ. ಇದೇ ಊರಿನವನು; 1947ರಲ್ಲಿ, ನಮ್ಮ ಯಜಮಾನರು ಹುಟ್ಟಿದ ವರ್ಷವೇ ಹುಟ್ಟಿದವನು. 1974ರ ವಿಶ್ವಕಪ್ಪಿನಲ್ಲಿ ಯುಗೋಸ್ಲಾವಿಯಾದ ಪರವಾಗಿ ಆಡಿದ. ಮುಂದೆ ಜರ್ಮನಿಯ ಬಯರ್ನ್ ತಂಡಕ್ಕೂ ಹೋದ. ಒಬ್ಲಾಕ್ ಎಂದರೆ ಅವರ ಭಾಷೆಯಲ್ಲಿ ಮೋಡ. “ಚೆಂಡು ಅವನ ಕಾಲಿಗೆ ಬಂದರೆ ಓಡುತ್ತಿರಲಿಲ್ಲ, ತೇಲುತ್ತಿತ್ತು” ಎಂದು ಹೇಳುವಾಗ ಆ ಮುಖ ಎಪ್ಪತ್ತೆಂಟರದಾಗಿರಲಿಲ್ಲ.

1984ರಲ್ಲಿ ತಂಡ ಕೆಳಗಿನ ದರ್ಜೆಗೆ ಇಳಿಯಿತು. 1989ರಲ್ಲಿ ಮತ್ತೆ ಏರಿತು. 1991ರ ಜೂನ್ 25ರಂದು ಸ್ಲೊವೀನಿಯಾ ಸ್ವತಂತ್ರವಾಯಿತು. ಹೊಸ ದೇಶಕ್ಕೆ ಹೊಸ ಲೀಗು. ಇಷ್ಟು ಕಾಲ ದೊಡ್ಡವರ ಮನೆಯ ಪಂಕ್ತಿಯಲ್ಲಿ ಕೊನೆಯ ಎಲೆಗೆ ಕೂರುತ್ತಿದ್ದವನು ಸ್ವಂತ ಮನೆಯಲ್ಲಿ ಮೊದಲ ಎಲೆಗೆ ಬಂದ ಹಾಗಾಯಿತು. 1992ರಿಂದ 1995ರವರೆಗೆ ಸಾಲಾಗಿ ನಾಲ್ಕು ಸಲ ಒಲಿಂಪಿಯಾವೇ ಚಾಂಪಿಯನ್. ಅಜ್ಜನ ನಾಲ್ಕು ಎಂದರೆ ಈ ನಾಲ್ಕು. ದೇಶದ ಕಪ್ಪೂ ನಾಲ್ಕು ಸಲ ಬಂತು: 1993, 1996, 2000, 2003.

ಹೊರಗೆ ಗೆಲುವು, ಒಳಗೆ ಸಾಲ. ಚಿಕ್ಕ ದೇಶ, ಚಿಕ್ಕ ಲೀಗು, ಖರ್ಚು ಮಾತ್ರ ಚಿಕ್ಕದಲ್ಲ. 2005ರಲ್ಲಿ ಕ್ಲಬ್ಬು ದಿವಾಳಿಯೆದ್ದು ಮುಚ್ಚಿತು. ಅರವತ್ತು ವರ್ಷದ ಆಯುಸ್ಸು. ನಮ್ಮಲ್ಲಾದರೆ ಷಷ್ಟ್ಯಬ್ದಿ ಮಾಡುವ ವಯಸ್ಸು.

ಆದರೆ ಅದೇ ವರ್ಷದ ಮಾರ್ಚ್ 2ರಂದು ಬೆಜಿಗ್ರಾದ್ ಎಂಬ ಹೆಸರಿನಲ್ಲಿ ಒಂದು ಹೊಸ ಕ್ಲಬ್ಬು ನೋಂದಣಿಯಾಗಿತ್ತು. ಹೊಸದಕ್ಕೆ ಮೇಲಿನ ದರ್ಜೆಯಲ್ಲಿ ಜಾಗ ಕೊಡುವವರುಂಟೆ? ಐದನೆಯ ದರ್ಜೆಯಿಂದ, ಎಂದರೆ ಅಂಗನವಾಡಿಯಿಂದಲೇ ಶುರು. ‘ಹಸಿರು ಘಟಸರ್ಪಗಳು’ ಎಂದು 1988ರಿಂದ ತಮ್ಮನ್ನು ಕರೆದುಕೊಂಡಿದ್ದ ಅಭಿಮಾನಿಗಳ ದಂಡು ಈ ಕೂಸಿನ ಹಿಂದೆ ನಡೆಯಿತು. ನಮ್ಮ ಯಜಮಾನರ ಮಗನೂ ಅದರಲ್ಲೊಬ್ಬ. ಕೂಸು ವರ್ಷಕ್ಕೊಂದರಂತೆ ನಾಲ್ಕು ಮೆಟ್ಟಿಲು ಹತ್ತಿ 2009ರಲ್ಲಿ ಮೊದಲ ದರ್ಜೆಗೆ ಬಂತು. ಅಷ್ಟು ಹೊತ್ತಿಗೆ ಒಲಿಂಪಿಯಾ ಎಂಬ ಹೆಸರನ್ನೂ ಮರಳಿ ಇಟ್ಟುಕೊಂಡಿತ್ತು. ಆ ವರ್ಷ ಗೋಲಿನ ಮುಂದೆ ನಿಂತ ಹದಿನಾರು ವರ್ಷದ ಹುಡುಗನ ಹೆಸರೂ ಒಬ್ಲಾಕ್, ಯಾನ್ ಒಬ್ಲಾಕ್. ಆಮೇಲೆ ಅವನೂ ಬೆನ್ಫಿಕಾಕ್ಕೇ ಹೋಗಿ, ಅಲ್ಲಿಂದ ಮಾಡ್ರಿಡ್ಡಿನ ಅಟ್ಲೆಟಿಕೊ ಸೇರಿ, ಜಗತ್ತಿನ ಶ್ರೇಷ್ಠ ಗೋಲ್‌ಕೀಪರುಗಳಲ್ಲಿ ಒಬ್ಬನಾದ. 2010ರಲ್ಲಿ ತಂಡಕ್ಕೆ ಸ್ತೋಜಿತ್ಸೆಯಲ್ಲಿ ಹದಿನಾರು ಸಾವಿರ ಜನ ಹಿಡಿಸುವ ಹೊಸ ಮೈದಾನವಾಯಿತು. 2016, 2018, 2023ರಲ್ಲಿ ಲೀಗು ಗೆದ್ದಿತು. ಕಪ್ಪು ಇದಕ್ಕೂ ನಾಲ್ಕು ಸಲ: 2018, 2019, 2021, 2023.

ಈಗ ನ್ಯಾಯ ಹೇಳಿ. ಎರಡೂ ಒಂದೆಯೋ, ಬೇರೆ ಬೇರೆಯೋ?

ದೇಶದ ಫುಟ್‌ಬಾಲು ಸಂಸ್ಥೆ ಬೇರೆ ಬೇರೆ ಎನ್ನುತ್ತದೆ. ಹಳೆಯ ಗೆಲುವುಗಳನ್ನು ಹೊಸ ಕ್ಲಬ್ಬಿನ ಖಾತೆಗೆ ಬರೆಯುವುದಿಲ್ಲ. ಅಭಿಮಾನಿಗಳು ಒಂದೇ ಎನ್ನುತ್ತಾರೆ. ಮಾರಿಬೋರ್ ಊರಿನ ತಂಡದೊಡನೆ ನಡೆಯುವ ಪಂದ್ಯಕ್ಕೆ ಅಲ್ಲಿ ‘ಶಾಶ್ವತ ಕಾಳಗ’ ಎಂದು ಹೆಸರು. ಕಾದಾಡುವ ಇಬ್ಬರಲ್ಲಿ ಒಬ್ಬ ನಡುವೆ ಸತ್ತಿದ್ದರೆ ಅದು ಶಾಶ್ವತವಾಗುವುದು ಹೇಗೆ ಎಂದು ಹುಡುಗ ಕೇಳಿದ. ಉತ್ತರ ಕೊಡುವುದು ಸುಲಭವಲ್ಲ.

ನಮ್ಮ ಕಡೆಯ ಜನಕ್ಕೆ ಇದು ಅಷ್ಟು ಕಷ್ಟದ ಪ್ರಶ್ನೆಯಲ್ಲ ಎಂದು ನನಗೆ ಮೊದಲು ತೋರಿತು. ಭಿನ್ನವಾದ ವಿಗ್ರಹವನ್ನು ನೀರಿಗೆ ಬಿಟ್ಟು ಹೊಸದನ್ನು ಪ್ರತಿಷ್ಠೆ ಮಾಡುತ್ತೇವೆ. ದೇವರು ಬೇರೆಯಾದನೆಂದು ಯಾರೂ ಹೇಳುವುದಿಲ್ಲ. ಆದರೆ ರಾತ್ರಿ ಮಲಗಿದಾಗ ಬೇರೊಂದು ನೆನಪು ಬಂದು ಈ ಸಮಾಧಾನವನ್ನು ಕೆಡಿಸಿತು.

ನನಗೆ ಇಟ್ಟಿರುವುದು ನನ್ನ ಅಜ್ಜನ ಹೆಸರು. ಅಜ್ಜನಿಗೆ ದಿನಸಿ ಅಂಗಡಿಯಿತ್ತು. ಕೈ ದೊಡ್ಡದು, ಉದ್ರಿ ಕೊಟ್ಟು, ಕೈಗಡ ತಂದು, ಕೊನೆಗೆ ಅಂಗಡಿಯ ಬಾಗಿಲು ಹಾಕಿ, ಮರುವರ್ಷವೇ ತೀರಿಕೊಂಡರು. ಪತ್ರವಿಲ್ಲದ ಸಾಲಗಳು. ‘ಅಂಗಡಿ ಹೋಯಿತು, ಅದರ ಸಾಲವೂ ಹೋಯಿತು’ ಎಂದು ನನ್ನ ತಂದೆ ಹೇಳಿದ್ದರೆ ಯಾರೂ ಕೋರ್ಟಿಗೆ ಹೋಗುತ್ತಿರಲಿಲ್ಲ. ಅವರು ಹಾಗೆ ಹೇಳಲಿಲ್ಲ. ಗುಮಾಸ್ತೆಯ ಸಂಬಳದಲ್ಲಿ ಹನ್ನೊಂದು ವರ್ಷ ತೀರಿಸಿದರು. ಆ ಹನ್ನೊಂದು ವರ್ಷ ನಮ್ಮ ಮನೆಯಲ್ಲಿ ಹಬ್ಬಕ್ಕೆ ಹೊಸ ಬಟ್ಟೆ ಬರಲಿಲ್ಲ. ಬೀದಿಯಲ್ಲಿ ಯಾರಾದರೂ ನನ್ನ ಹೆಸರು ಹಿಡಿದು ಕೂಗಿದರೆ ತಂದೆ ಒಂದು ಕ್ಷಣ ತಲೆಯೆತ್ತಿ ನೋಡುತ್ತಿದ್ದರು. ಯಾಕೆಂದು ಆಗ ತಿಳಿಯುತ್ತಿರಲಿಲ್ಲ.

ಹೆಸರೆಂದರೆ ಬರಿಯ ಪದಕವಲ್ಲ. ಅದಕ್ಕೆ ಅಂಟಿಕೊಂಡು ಸಾಲವೂ ಬರುತ್ತದೆ. ಹೊಸ ಒಲಿಂಪಿಯಾ ಹಳೆಯದರ ಹೆಸರನ್ನೂ ಹಸಿರನ್ನೂ ತೆಗೆದುಕೊಂಡಿತು. ಸಾಲ ಮಾತ್ರ ಹಳೆಯದರೊಡನೆ ಮಣ್ಣಾಯಿತು. ಕಾನೂನು ಹಾಗೆಯೇ ಇದೆ. ತಪ್ಪೆಂದು ನಾನು ಹೇಳಲಾರೆ. ಆದರೆ ಸಾಲ ನಮ್ಮದಲ್ಲ ಎಂದವರು ಪದಕ ಮಾತ್ರ ನಮ್ಮದು ಎಂದರೆ, ದಫ್ತರದವನು ಕೈ ಅಡ್ಡ ಇಡುವುದೂ ನ್ಯಾಯವೇ. ಅಜ್ಜನ ಹೆಸರಿಟ್ಟುಕೊಂಡ ಮೊಮ್ಮಗ ಅಜ್ಜನ ವಯಸ್ಸನ್ನೂ ಸೇರಿಸಿ ತನಗೆ ನೂರು ವರ್ಷವೆಂದು ಹೇಳಿಕೊಳ್ಳುವುದಿಲ್ಲವಲ್ಲ! ಹಾಗೆಂದು ಅಜ್ಜನ ಕಥೆ ಅವನದಲ್ಲವೆ? ಖಂಡಿತ ಅವನದೇ. ಐದನೆಯ ದರ್ಜೆಯ ಮೈದಾನಗಳಲ್ಲಿ ನಿಂತು ಅದೇ ಹಸಿರು ಬಾವುಟ ಬೀಸಿದವರು ಕಥೆಯ ಮೇಲಿನ ಹಕ್ಕನ್ನು ಸಂಪಾದಿಸಿದ್ದಾರೆ. ಎಣಿಕೆ ಸಂಸ್ಥೆಯದು, ಕಥೆ ಜನರದು.

ಇದನ್ನು ಯಜಮಾನರಿಗೆ ನನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಿದೆ. ಸಾಲದ ಮಾತು ಕೇಳಿ ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: “ಅಲ್ಲ, ನನ್ನ ಸಿಟ್ಟು ಅದಲ್ಲ. ಕ್ಲಬ್ಬು ಮುಚ್ಚಿದ ವಾರ ನಾನು ಅತ್ತೆ. ನನ್ನ ಮಗ ಅಳಲಿಲ್ಲ. ಹೊಸದರ ಪಂದ್ಯ ನೋಡಲು ಹೋದ. ನಾನು ಇನ್ನೂ ಸೂತಕದಲ್ಲಿದ್ದೆ.” ಸೂತಕ ಎಂಬುದು ನನ್ನ ಮಾತು, ಅವರು ಅಂದದ್ದು ಬೇರೆ ಏನೋ, ಅರ್ಥ ಮಾತ್ರ ಅದೇ. ಹೊಸ ಮೈದಾನದಲ್ಲಿ ಅವರು ಕಾಲಿಟ್ಟಿಲ್ಲ.

“ಮೊಮ್ಮಗನಿಗೆ ಯಾರ ಹೆಸರು?” ಎಂದು ಕೇಳಿದೆ.

“ನನ್ನ ತಂದೆಯದು” ಎಂದರು. ಎಂದವರು ನನ್ನ ಮುಖ ನೋಡಿ, ಮೆಲ್ಲಗೆ ನಕ್ಕು, ಟೋಪಿಯನ್ನು ಸರಿಮಾಡಿಕೊಂಡರು.

ಆ ಮೇ ತಿಂಗಳಲ್ಲಿ ಒಲಿಂಪಿಯಾ ಚಾಂಪಿಯನ್ ಆಯಿತು. ರಾತ್ರಿ ತಡವಾಗಿ ಹುಡುಗ ಮನೆಗೆ ಬಂದ. ಕೂಗಿ ಕೂಗಿ ಗಂಟಲು ಬಿದ್ದುಹೋಗಿತ್ತು. ಮಹಡಿಯ ಮೇಲಿಂದ ನನಗೆ ಎಲ್ಲ ಕೇಳುತ್ತಿತ್ತು. ಕೆಳಗಿನ ಕೋಣೆಯ ಬಾಗಿಲು ತೆರೆಯಿತು. ಅಜ್ಜ ಏನೋ ಕೇಳಿದರು. ಹುಡುಗ ಏನೋ ಹೇಳಿದ. ಭಾಷೆ ನನಗೆ ಬರದು. ಮಾರನೆಯ ಬೆಳಿಗ್ಗೆ ಮಗಳನ್ನು ಕೇಳಿದೆ.

“ನಾಲ್ಕಾಯಿತಂತೆ ಅಂದರು ಅಜ್ಜ” ಎಂದಳು ಅವಳು. “ಎಂಟು ಅಂದ ಇವನು. ಆಮೇಲೆ ಅಜ್ಜ, ಊಟ ಮಾಡಿದೆಯಾ ಅಂತ ಕೇಳಿದರು.”

ಹೊಸದಕ್ಕೂ ಅವರು ನಾಲ್ಕನ್ನು ಒಪ್ಪಿದ್ದರು.