ಎಂಟು ಮೂಲೆಗಳ ಕೊಳ

ಮಿಲಾನ್ ನಗರದ ಮಹಾದೇವಾಲಯದೆದುರು ನಿಂತ ಪ್ರವಾಸಿಕನು ಮೊದಲು ತಲೆಯೆತ್ತುತ್ತಾನೆ. 1386ರಲ್ಲಿ ಆರಂಭವಾದ ಆ ಅಮೃತಶಿಲೆಯ ಶಿಖರಗಳ ವೈಭವ ಅಂಥದು. ನಾನೂ ಕತ್ತು ನೋಯುವವರೆಗೆ ನೋಡಿದೆ. ಆದರೆ ನನ್ನನ್ನು ಅಷ್ಟು ದೂರ ಕರೆತಂದದ್ದು ಶಿಖರವಲ್ಲ, ನೆಲದ ಕೆಳಗಿನ ಒಂದು ಕೊಳ.

ಮೆಟ್ಟಿಲುಗಳನ್ನಿಳಿದರೆ ನಾಲ್ಕನೆಯ ಶತಮಾನದ ದೀಕ್ಷಾಮಂದಿರದ ಅವಶೇಷಗಳು; ಅವುಗಳ ನಡುವೆ ನೀರಿಲ್ಲದ, ಎಂಟು ಮೂಲೆಗಳ ಕೊಳ. 387ರ ಈಸ್ಟರ್ ಹಬ್ಬದ ರಾತ್ರಿ ಧರ್ಮಾಧ್ಯಕ್ಷ ಆಂಬ್ರೋಸನು ಅಗಸ್ಟೀನನಿಗೆ ದೀಕ್ಷಾಸ್ನಾನ ಮಾಡಿಸಿದ್ದು ಇಲ್ಲಿಯೇ.

ಅಗಸ್ಟೀನನು ನಮ್ಮ ಕಸುಬಿನವನು. ಉತ್ತರ ಆಫ್ರಿಕದಲ್ಲಿ ಹುಟ್ಟಿ, 384ರಲ್ಲಿ ಅಲಂಕಾರಶಾಸ್ತ್ರದ ಅಧ್ಯಾಪಕನಾಗಿ ಮಿಲಾನಿಗೆ ಬಂದನು. ಸಿಸೆರೋವಿನ ಗದ್ಯವನ್ನು ಸವಿದವನಿಗೆ ಬೈಬಲಿನ ಭಾಷೆ ಒರಟೆನಿಸಿತ್ತು. ಹಳೆಯ ಒಡಂಬಡಿಕೆಯ ಕಥೆಗಳನ್ನು ಹಳಿಯುತ್ತಿದ್ದ ಮಾನಿಯ ಮತದವರೊಡನೆ ಅವನು ಹಲವು ವರ್ಷ ಕಳೆದಿದ್ದನು. ಆಂಬ್ರೋಸನ ಉಪದೇಶಕ್ಕೆ ಹೋದದ್ದೂ ವಾಗ್ವೈಖರಿಯನ್ನು ಅಳೆಯುವುದಕ್ಕೆ ಮಾತ್ರ. ಆದರೆ ಮಾತಿನ ಬೆನ್ನಿಗೇ ಅರ್ಥವೂ ಒಳಹೊಕ್ಕಿತು!

ಅಕ್ಷರದ ಹಿಂದೆ ಅರ್ಥವನ್ನರಸುವ ಈ ವಿದ್ಯೆಯನ್ನು ಆಂಬ್ರೋಸನು ಯೆಹೂದಿ ತತ್ತ್ವಜ್ಞ ಫೈಲೋ ಮತ್ತು ಕ್ರೈಸ್ತ ಪಂಡಿತ ಓರಿಜೆನ್ ಇವರಿಂದ ಕಲಿತಿದ್ದನು. ಮನುಷ್ಯನಿಗಿರುವಂತೆ ಧರ್ಮಗ್ರಂಥಕ್ಕೂ ದೇಹ, ಪ್ರಾಣ, ಆತ್ಮಗಳಿವೆಯೆಂಬುದು ಓರಿಜೆನ್ನನ ಮತ. ನೋಹನ ಕಾಲದ ಜಲಪ್ರಳಯವು ಆಂಬ್ರೋಸನಿಗೆ ಪಾಪವನ್ನು ತೊಳೆಯುವ ದೀಕ್ಷಾಸ್ನಾನದ ಮುನ್ಸೂಚನೆ. ಮುಂದೆ ಜಾನ್ ಕ್ಯಾಸಿಯನ್ ಯೆರೂಸಲೇಮೆಂಬ ಒಂದೇ ಹೆಸರಿನಲ್ಲಿ ನಾಲ್ಕು ಅರ್ಥಗಳನ್ನು ಕಂಡನು: ಯೆಹೂದಿಗಳ ನಗರ, ಕ್ರಿಸ್ತಸಭೆ, ಸ್ವರ್ಗದ ಪುರ, ಮನುಷ್ಯನ ಆತ್ಮ. ಈ ಕೊಳದ ಮೂಲೆಗಳೂ ಸುಮ್ಮನೆ ಎಂಟಾದುವಲ್ಲ. ಸೃಷ್ಟಿಯ ವಾರಕ್ಕೆ ಏಳು ದಿನ. ಎಂಟನೆಯದು ಪುನರುತ್ಥಾನದ ದಿನ.

ಹಾಗಾದರೆ ಯಾರು ಬೇಕಾದರೂ ಏನನ್ನು ಬೇಕಾದರೂ ಅರ್ಥವೆಂದು ತುರುಕಬಹುದೇ? ಅಗಸ್ಟೀನನೇ ಮುಂದೆ ಇದಕ್ಕೆ ಉತ್ತರ ಬರೆದನು. ಅಸ್ಪಷ್ಟವಾದ ಮಾತನ್ನು ಸ್ಪಷ್ಟವಾದ ಮಾತಿನಿಂದ ಬಿಡಿಸಬೇಕು; ದೇವರಲ್ಲಿಯೂ ನೆರೆಯವನಲ್ಲಿಯೂ ಪ್ರೀತಿಯನ್ನು ಬೆಳೆಸದ ವ್ಯಾಖ್ಯಾನ ವ್ಯಾಖ್ಯಾನವೇ ಅಲ್ಲ.

ಕೊಳದ ಅಂಚಿನಲ್ಲಿ ನಿಂತು ಇದನ್ನು ನೆನೆದಾಗ ನನಗೆ ನಾಚಿಕೆಯಾಯಿತು. ಎಂ.ಎ. ಪದವಿಯನ್ನು ಹೊತ್ತು ಮನೆಗೆ ಬಂದ ವರ್ಷ, ರಾಮಾಯಣ ಓದುತ್ತಿದ್ದ ಅಮ್ಮನನ್ನು, "ಕಪಿಗಳು ಕಡಲಿಗೆ ಸೇತುವೆ ಕಟ್ಟಿದುವೇನಮ್ಮ?" ಎಂದು ಕೇಳಿ ನಕ್ಕಿದ್ದೆ. ಆಕೆ ಮಾತನಾಡಲಿಲ್ಲ, ಪುಸ್ತಕ ಮುಚ್ಚಿ ಒಳಗೆ ಹೋದಳು. ಅಂದಿನಿಂದ ನಾನು ಮನೆಯಲ್ಲಿರುವಾಗ ಗಟ್ಟಿಯಾಗಿ ಓದಿದವಳಲ್ಲ. ಪದದ ಅರ್ಥ ಬಲ್ಲವನೆಂದು ಬೀಗುತ್ತಿದ್ದ ನಾನು, ಆ ಕಥೆಯಿಂದ ಅವಳು ಯಾವ ಕಡಲನ್ನು ದಾಟುತ್ತಿದ್ದಳೆಂದು ಒಮ್ಮೆಯೂ ಕೇಳಿರಲಿಲ್ಲ.

ಅಗಸ್ಟೀನನ ತಾಯಿ ಮೋನಿಕಾ ಮಗನಿಗೆ ದೀಕ್ಷೆಯಾದ ವರ್ಷವೇ, ಊರಿಗೆ ಮರಳುವ ಹಾದಿಯಲ್ಲಿ, ಓಸ್ತಿಯಾ ಬಂದರಿನಲ್ಲಿ ತೀರಿಕೊಂಡಳು. ನನ್ನ ತಾಯಿ ಇನ್ನೂ ಇದ್ದಾಳೆ.

ಊರಿಗೆ ಬಂದ ಮರುದಿನ ಸಂಜೆ ಆ ಪುಸ್ತಕವನ್ನು ನಾನೇ ತಂದು ಅವಳ ಮುಂದಿಟ್ಟು, "ಓದಮ್ಮ, ಕೇಳುತ್ತೇನೆ" ಎಂದೆ. ಅಮ್ಮ ನನ್ನ ಮುಖವನ್ನೊಮ್ಮೆ ನೋಡಿ, ಕನ್ನಡಕ ಹುಡುಕತೊಡಗಿದಳು.