ಗೌರಿಮನೋಹರಿಯಿಂದ ಜಾಝ್‌ಗೆ: ಪೂರ್ವಜ್ಞಾನ ಎಲ್ಲಿಯವರೆಗೆ?

‘ತಿಳಿದುದರಿಂದ ತಿಳಿಯದುದರ ಕಡೆಗೆ’ ಎಂಬ ಸೂತ್ರವನ್ನು ನಾವು ಪ್ರಶಿಕ್ಷಣಾರ್ಥಿಗಳು ಪ್ರತಿ ಪಾಠಯೋಜನೆಯಲ್ಲೂ ಪಾಲಿಸುತ್ತೇವೆ. ತಿಳಿದುದು ಎಲ್ಲಿಯವರೆಗೆ ಕೈಹಿಡಿಯುತ್ತದೆ ಎಂಬ ಪ್ರಶ್ನೆ ನನಗೆ ಎದುರಾದದ್ದು ಮಾತ್ರ ವಿಜ್ಞಾನದ ತರಗತಿಯಲ್ಲಲ್ಲ. ಜಯನಗರದ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸದ ವೇಳೆ ಸಿಕ್ಕ ಸಹಪಠ್ಯ ಅವಧಿಯಲ್ಲಿ.

ಒಂಬತ್ತನೇ ತರಗತಿಯ ಹುಡುಗನೊಬ್ಬ ಗಿಟಾರ್ ನುಡಿಸುತ್ತಿದ್ದ. ಅವನ ಸಹಪಾಠಿಯೊಬ್ಬಳು ಕರ್ನಾಟಕ ಸಂಗೀತ ಕಲಿಯುತ್ತಿದ್ದಳು. ವಾರ್ಷಿಕೋತ್ಸವದಲ್ಲಿ ಇಬ್ಬರೂ ಸೇರಿ ಜಾಝ್ ಶೈಲಿಯಲ್ಲಿ ಮನೋಧರ್ಮ ಪ್ರಯತ್ನಿಸಬೇಕೆಂದಿದ್ದರು. ನನಗೆ ಗಿಟಾರ್ ಪರಿಚಯವಿದ್ದುದರಿಂದ ಹೇಳಿಕೊಡುವ ಕೆಲಸ ನನ್ನ ಪಾಲಿಗೆ ಬಂತು.

ಆರಿಸಿಕೊಂಡದ್ದು ಮೆಲೋಡಿಕ್ ಮೈನರ್ ಸ್ಕೇಲ್. ಪಾಶ್ಚಾತ್ಯ ಶಾಸ್ತ್ರೀಯ ಪಠ್ಯಗಳಲ್ಲಿ ಇದು ಇಳಿಯುವಾಗ ಧೈವತ, ನಿಷಾದಗಳನ್ನು ತಗ್ಗಿಸಿಕೊಳ್ಳುತ್ತದೆ. ಜಾಝ್ ವಾದಕರು ಸಾಮಾನ್ಯವಾಗಿ ಏರುವಾಗಲೂ ಇಳಿಯುವಾಗಲೂ ಒಂದೇ ಸ್ವರಗಳನ್ನು ಬಳಸುತ್ತಾರೆ. ಆಗ ಅದರ ಸ್ವರಸ್ಥಾನಗಳು ನಮ್ಮ 23ನೇ ಮೇಳಕರ್ತ ಗೌರಿಮನೋಹರಿಯವೇ. ಹುಡುಗಿಗೆ ಆ ರಾಗದ ತ್ಯಾಗರಾಜರ ‘ಗುರುಲೇಕ’ ಕೃತಿ ಗೊತ್ತಿತ್ತು. ಪೂರ್ವಜ್ಞಾನ ಸಿದ್ಧವಾಗಿಯೇ ಇತ್ತು.

ಇಂಥ ಸೇತುವೆ ನಮ್ಮ ಊರಿಗೆ ಹೊಸದೂ ಅಲ್ಲ. ಆರ್.ಎ. ರಮಾಮಣಿ, ಟಿ.ಎ.ಎಸ್. ಮಣಿ ಅವರಿದ್ದ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡವು ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮೇರಿಯಾನೊ ಜೊತೆ 1983ರಲ್ಲೇ ‘ಜ್ಯೋತಿ’ ಆಲ್ಬಮ್ ಮಾಡಿತ್ತು.

ಮುಂದಿನ ಹೆಜ್ಜೆ ಗ್ರಹಭೇದ. ಗೌರಿಮನೋಹರಿಯ ರಿಷಭವನ್ನು ಷಡ್ಜವಾಗಿಸಿದರೆ ನಾಟಕಪ್ರಿಯ, ಮಧ್ಯಮವನ್ನಾಗಿಸಿದರೆ ವಾಚಸ್ಪತಿ, ಪಂಚಮವನ್ನಾಗಿಸಿದರೆ ಚಾರುಕೇಶಿ. ಇವನ್ನು ಆಕೆ ಲೀಲಾಜಾಲವಾಗಿ ಹಾಡಿದಳು. ಆದರೆ ಜಾಝ್‌ನಲ್ಲಿ ಹೆಚ್ಚು ಬಳಕೆಯಾಗುವ ರೂಪಗಳಲ್ಲೊಂದು ನಿಷಾದದಿಂದ ಹೊರಡುತ್ತದೆ. ಸಿ ಮೈನರ್‌ಗೆ ಹೋಗುವ ಜಿ ಸೆವೆನ್ ಕಾರ್ಡ್ ಬಂದಾಗ ವಾದಕರು ಜಿಗಿಂತ ಒಂದು ಫ್ರೆಟ್ ಮೇಲಿನ ಎ ಫ್ಲಾಟ್ ಮೆಲೋಡಿಕ್ ಮೈನರ್ ನುಡಿಸುವುದುಂಟು. ಅದನ್ನು ಜಿಯಿಂದ ಆರಂಭಿಸಿ ಕೇಳಿಸಿದೆ.

“ಸರ್, ಇದರಲ್ಲಿ ಪಂಚಮಾನೇ ಇಲ್ವಲ್ಲ! ಇದರ ಹೆಸರೇನು?” ಎಂದಳು.

ಪ್ರಶ್ನೆ ಸರಿಯಾಗಿತ್ತು. ಪಂಚಮವಿಲ್ಲದ್ದಕ್ಕೆ ಮೇಳಕರ್ತದಲ್ಲಿ ಸ್ಥಾನವಿಲ್ಲ. “ಹಾಗಾದ್ರೆ ಹೇಗೆ ಹಾಡೋದು?” ಎಂದು ಸುಮ್ಮನಾದಳು. ಇಬ್ಬರಲ್ಲಿ ಹೆಚ್ಚು ತಿಳಿದಿದ್ದವಳೇ ಹಿಂದೆ ಸರಿಯುವ ಹಂತದಲ್ಲಿದ್ದಳು.

ಇನ್ನೊಂದು ಹೆಸರು ಹುಡುಕಿಕೊಡುವ ಬದಲು ಒಂದು ಪ್ರಯೋಗ ಮಾಡಿಸಿದೆ. ಹುಡುಗ ಜಿ ಸೆವೆನ್, ಆಮೇಲೆ ಸಿ ಮೈನರ್ ನುಡಿಸಬೇಕು. ಆಕೆ ಇ ಫ್ಲಾಟ್ ಒಂದನ್ನೇ ಹಿಡಿದು ನಿಲ್ಲಬೇಕು. ಮೊದಲ ಕಾರ್ಡಿನ ಮೇಲೆ ಆ ಸ್ವರ ಉಜ್ಜಿದಂತೆ ಕೇಳಿಸಿತು. ಕಾರ್ಡ್ ಬದಲಾದೊಡನೆ ಅದೇ ಸ್ವರ ಸಾಧಾರಣ ಗಾಂಧಾರವಾಗಿ ತಣ್ಣಗೆ ಕುಳಿತಿತು. ಆಕೆ ಸ್ವರ ಬದಲಿಸಿರಲಿಲ್ಲ. ಕೆಳಗಿನ ನೆಲ ಬದಲಾಗಿತ್ತು. ತಂಬೂರಿಯ ಷಡ್ಜ ಕದಲುವುದಿಲ್ಲ. ಜಾಝ್‌ನಲ್ಲಿ ಆಧಾರವೇ ನಡೆಯುತ್ತಿರುತ್ತದೆ. ಈ ವ್ಯತ್ಯಾಸ ಕಿವಿಗೆ ಬಿದ್ದ ಮೇಲೆ ಆಕೆ ಹೆಸರು ಕೇಳಲಿಲ್ಲ, “ಇನ್ನೊಂದ್ಸಲ” ಎಂದಳು. ಸ್ಕೇಲನ್ನು ಮೇಲಕ್ಕೂ ಕೆಳಕ್ಕೂ ಓಡಿಸುತ್ತಿದ್ದ ಹುಡುಗನೂ ನಿಧಾನಿಸಿ, ಜಿ ಸೆವೆನ್ ಮೇಲೆ ಎ ಫ್ಲಾಟ್ ನಿಲ್ಲಿಸಿ, ಸಿ ಮೈನರ್ ಬಂದಾಗ ಜಿಗೆ ಇಳಿಸಿ ನೋಡಿದ.

ಪೂರ್ವಜ್ಞಾನವಿಲ್ಲದಿದ್ದರೆ ಆ ಅವಧಿ ಆರಂಭವೇ ಆಗುತ್ತಿರಲಿಲ್ಲ. ಅದನ್ನೇ ನೆಚ್ಚಿದ್ದರೆ ಪಂಚಮದ ಬಳಿ ನಿಂತುಬಿಡುತ್ತಿತ್ತು. ವಿಜ್ಞಾನದಲ್ಲೂ ಇದು ನಿಜ. ವಿದ್ಯುತ್ ಪ್ರವಾಹವನ್ನು ಕೊಳವೆಯ ನೀರಿಗೆ ಹೋಲಿಸುತ್ತೇವೆ. ಆದರೆ ಕೊಳವೆ ಕತ್ತರಿಸಿದರೆ ನೀರು ಸುರಿಯುತ್ತದೆ, ತಂತಿ ಕತ್ತರಿಸಿದರೆ ಪ್ರವಾಹವೇ ನಿಲ್ಲುತ್ತದೆ. ಹೋಲಿಕೆ ಮುಗಿಯುವ ಆ ಜಾಗವನ್ನು ಮಕ್ಕಳಿಗೆ ತೋರಿಸುವುದೂ ಪಾಠದ ಭಾಗವೇ.

ಹಾಗಾಗಿ ಈಗ ನನ್ನ ಪಾಠಯೋಜನೆಯ ‘ಪೂರ್ವಜ್ಞಾನ’ದ ಅಂಕಣದಲ್ಲಿ ಎರಡು ಸಾಲು ಬರೆಯುತ್ತೇನೆ: ಮಕ್ಕಳಿಗೆ ಏನು ಗೊತ್ತಿದೆ, ಅದು ಎಲ್ಲಿ ಸಾಲದಾಗುತ್ತದೆ. ಚಟುವಟಿಕೆಯನ್ನು ಎರಡನೆಯ ಸಾಲಿಗಾಗಿ ಯೋಜಿಸುತ್ತೇನೆ.