ಅಟ್ಟದ ಕೆಳಗಿನ ಭಾಗಾಕಾರ

ತಿಪಟೂರಿನಿಂದ ತುರುವೇಕೆರೆಗೆ ಹೋಗುವ ದಾರಿಯ ನಮ್ಮ ಮನೆಯಲ್ಲಿ ಅಟ್ಟದ ತುಂಬ ತೆಂಗಿನಕಾಯಿ. ಮಟ್ಟೆ ಸುಲಿಯದೆ ಹತ್ತು–ಹನ್ನೊಂದು ತಿಂಗಳು ಬಿಟ್ಟರೆ ನೀರೆಲ್ಲ ಇಂಗಿ, ಗಿಟುಕು ಕರಟ ಬಿಟ್ಟು ಒಳಗೇ ಗಡಗಡ ಎನ್ನುತ್ತದೆ. ಆ ಅಟ್ಟದ ಕೆಳಗೆ ನನ್ನ ಮೇಜು. ರಾತ್ರಿ ಉಂಡ ಮೇಲೆ ಅಲ್ಲಿ ಕೂತು, ಪ್ರೋಗ್ರಾಮಿಗೆ ತಾವಾಗಿಯೇ ಬಂದು ಸೇರುವ ಲೈಬ್ರರಿಗಳನ್ನು ಬಿಡಿಸಿ, ಬೇಕಾದ್ದನ್ನಷ್ಟೇ ಕೈಯಾರೆ ಸೇರಿಸುತ್ತೇನೆ.

ಈ ಹುಚ್ಚು ಹತ್ತಿದ್ದು ತೋಟದ ಮೋಟರಿನಿಂದ. ತ್ರೀ ಫೇಸ್ ಬಂದಾಗ ವೋಲ್ಟೇಜ್ ನೋಡಿ ಪಂಪ್ ಶುರುಮಾಡುವ ಪುಟ್ಟ ಪೆಟ್ಟಿಗೆ ಕಟ್ಟಿದ್ದೆ. ಒಳಗೆ ಎಟಿಮೆಗಾ328ಪಿ ಚಿಪ್: 32 ಕೆಬಿ ಫ್ಲ್ಯಾಶ್, 2 ಕೆಬಿ ರ್‍ಯಾಮ್. 398.4 ಎಂದು ತೋರಿಸಬೇಕಾದ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ. ಎರಡು ಸಲ ವೈರು ಬಿಚ್ಚಿ ಕಟ್ಟಿದೆ. ತೊಡಕು ಅಲ್ಲಿರಲಿಲ್ಲ. ಈ ಚಿಪ್‌ನ ಸಿ ಲೈಬ್ರರಿಯಾದ ಎವಿಆರ್-ಲಿಬ್‌ಸಿಯಲ್ಲಿ, ಅಂಕಿ ಅಕ್ಷರ ಬರೆಯುವ ಪ್ರಿಂಟ್‌ಎಫ್ ಮೂರು ಬಗೆ. ನಾವು ಏನೂ ಹೇಳದಿದ್ದರೆ ನಡುವಿನದು ಸೇರುತ್ತದೆ. ಅದಕ್ಕೆ ದಶಾಂಶ ಬರೆಯಲು ಬಾರದು, ಬದಲಿಗೆ ಪ್ರಶ್ನಾರ್ಥಕ ಇಡುತ್ತದೆ.

ದೊಡ್ಡದನ್ನೇ ಸೇರಿಸಬಹುದಿತ್ತು. ಒಂದು ಚುಕ್ಕಿಗಾಗಿ ಅಷ್ಟು ಭಾರ ಹೊರಿಸಲು ಮನಸ್ಸಾಗಲಿಲ್ಲ. 3984 ಎಂದು ಇಟ್ಟುಕೊಂಡು, ಹತ್ತರಿಂದ ಭಾಗಿಸುತ್ತ ಒಂದೊಂದೇ ಅಂಕಿ ಬರೆದೆ. ಪ್ರಿಂಟ್‌ಎಫ್‌ನ ಗೊಡವೆಯೇ ತಪ್ಪಿತು. ಧೈರ್ಯ ಬಂದು, ತುಣುಕುಗಳನ್ನು ಜೋಡಿಸುವ ಲಿಂಕರಿಗೆ ‘-ನೋಡಿಫಾಲ್ಟ್‌ಲಿಬ್ಸ್’, ಅಂದರೆ ತಾನಾಗಿ ಯಾವ ಲೈಬ್ರರಿಯನ್ನೂ ಸೇರಿಸಬೇಡ, ಎಂದೆ. ತಕರಾರಿನ ಸಾಲಿನಲ್ಲಿ ಒಂದು ಹೆಸರು: ‘__ಯುಡಿವ್‌ಮಾಡ್‌ಎಚ್‌ಐ4’. ಅದನ್ನು ನಾನೆಲ್ಲೂ ಬರೆದೇ ಇರಲಿಲ್ಲ.

ಈ ಚಿಪ್‌ಗೆ ಗುಣಿಸಲು ಬರುತ್ತದೆ, ಭಾಗಿಸಲು ಬಾರದು. ಹಾಗಾಗಿ ನನ್ನ ಭಾಗಾಕಾರ ಕಂಡ ಕಂಪೈಲರ್ ತನ್ನದೇ ಲೈಬ್ರರಿಯಾದ ಲಿಬ್‌ಜಿಸಿಸಿಯ ಆ ತುಣುಕನ್ನು ಕರೆಯುತ್ತಿತ್ತು. ತೆರೆದು ಓದಿದೆ. ಒಂದು ಸ್ಥಾನ ಸರಿಸು, ಕಳೆಯಲಾದರೆ ಕಳೆ, ಮತ್ತೆ ಸರಿಸು; 16 ಬಿಟ್‌ಗೂ ಇದೇ ಸುತ್ತು. ಸ್ಲೇಟಿನ ಮೇಲೆ ಬಳಪ ಹಿಡಿದು ಕಲಿತ ಭಾಗಾಕಾರವೇ ಅದು! ಎಷ್ಟು ಒಪ್ಪವಾಗಿ ಬರೆದಿಟ್ಟಿದ್ದಾರೆ. ‘-ಎಲ್‌ಜಿಸಿಸಿ’ ಎಂದು ಕೈಯಾರೆ ಬರೆದು ಅದನ್ನು ಮರಳಿ ಕರೆದುಕೊಂಡೆ. ಆ ರಾತ್ರಿ ನಿದ್ದೆ ಬರಲಿಲ್ಲ, ಅಷ್ಟು ಸಂತೋಷ.

ಈಗ ಕೊಬ್ಬರಿ ಚೀಲದ ಲೆಕ್ಕಕ್ಕೆ ಬರೆದ ವಿಂಡೋಸ್ ಪ್ರೋಗ್ರಾಮಿಗೂ ಹೀಗೇ ಮಾಡುತ್ತೇನೆ. ಅಲ್ಲಿ ವಿಷುವಲ್ ಸಿ++ ಜೊತೆ, ಪ್ರೋಗ್ರಾಮ್ ಕಟ್ಟಲು ಬಳಸುವ ಸಿಮೇಕ್ ತಾನಾಗಿ ಹತ್ತು ಲೈಬ್ರರಿಗಳ ಪಟ್ಟಿ ಇಟ್ಟಿರುತ್ತದೆ, ಕರ್ನಲ್32ರಿಂದ ಹಿಡಿದು ಪ್ರಿಂಟರಿನ ವಿನ್‌ಸ್ಪೂಲ್‌ವರೆಗೆ. ಕರೆಯದಿದ್ದರೆ ಅವು ಭಾರವಾಗುವುದಿಲ್ಲ, ನಿಜ. ಆದರೂ ‘ಸಿಮೇಕ್_ಸಿ_ಸ್ಟ್ಯಾಂಡರ್ಡ್_ಲೈಬ್ರರೀಸ್’ ಖಾಲಿ ಮಾಡಿ, ಯಾವುದು ಯಾತಕ್ಕೆ ಬೇಕೆಂದು ಒಂದೊಂದನ್ನೇ ಕೇಳುತ್ತ ಸೇರಿಸುವುದು ನನಗಿಷ್ಟ.

ಮೊನ್ನೆ ರಾತ್ರಿ ಎರಡಕ್ಕೆ ಕರೆಂಟ್ ಬಂತು. ಪೆಟ್ಟಿಗೆಯ ಮೇಲೆ 402.7. ಆ ಚುಕ್ಕಿ ನಾನಿಟ್ಟದ್ದು. ಮೋಟರ್ ಹತ್ತಿ, ತೆಂಗಿನ ಬುಡಕ್ಕೆ ನೀರು ಹರಿಯುವ ಸದ್ದು ಕೇಳುವವರೆಗೂ ಅದರ ಮುಂದೆಯೇ ನಿಂತಿದ್ದೆ.